ಆರು ಸಾವಿರದ ಡಬ್ಬಿ ಬ್ಯಾಡ, ಅಲಮಾರಿಯಾಗಿನ ಹಳೆ ಫೋನ್ ತೆಗೀರಿ

ಹೋದ ಬೇಸಿಗೆಯಲ್ಲಿ ಕಮಲಾಪುರದಿಂದ ಪರಿಚಯದ ಕಾಕಾ ಒಬ್ಬರು ಫೋನ್ ಮಾಡಿದ್ದರು. "ತಮ್ಮಾ, ನೀ ಪೇಪರ್‌ದಾಂವ ಅದಿ, ನಿನಗ ಗೊತ್ತಿರ್ತದ. ನಮ್ಮ ಹುಡ್ಗ ಯಾವುದೋ ಗೇಮಿನ ಡಬ್ಬಿ ಬೇಕಂತ ಒಂದ್ ವಾರದಿಂದ ಹಠ ಮಾಡ್ಲತ್ತಾನ. ಆರು ಸಾವಿರ ಅಂತ. ಕೊಡಿಸ್ಲೋ ಬ್ಯಾಡೋ, ನೀನೇ ಹೇಳು."

ಹುಡುಗ ಒಂಬತ್ತನೇ ತರಗತಿ. ಅವನು ಕೇಳುತ್ತಿದ್ದದ್ದು ಅಂಗೈಯಲ್ಲಿ ಹಿಡಿದು ಆಡುವ ಚೀನಾದ ಗೇಮಿಂಗ್ ಡಬ್ಬಿ. ಹಳೆ ಟಿವಿ ಗೇಮ್, ಪ್ಲೇಸ್ಟೇಷನ್ ಆಟ ಎಲ್ಲ ಅದರಲ್ಲಿ ಓಡುತ್ತವೆ ಎಂದು ಯೂಟ್ಯೂಬಿನಲ್ಲಿ ನೋಡಿದ್ದ. ಕಾಕಾ ಒಕ್ಕಲುತನ ಮಾಡುವವರು. ತೊಗರಿ ಮಾರಿದ ರೊಕ್ಕ ಜನವರಿಯಲ್ಲಿ ಬರುತ್ತದೆ. ಮೇ ಹೊತ್ತಿಗೆ ಮುಂಗಾರಿನ ಬೀಜ, ಗೊಬ್ಬರಕ್ಕೆಂದು ತೆಗೆದಿಟ್ಟದ್ದಷ್ಟೇ ಉಳಿದಿರುತ್ತದೆ. ಅದರಲ್ಲಿ ಆರು ಸಾವಿರ ತೆಗೆಯುವುದು ಸಣ್ಣ ಮಾತಲ್ಲ. ಅಂಗಡಿಯವರು ಕಂತಿನಲ್ಲಿ ಕೊಡುತ್ತೇವೆ ಅಂದಿದ್ದರಂತೆ. ಅದು ಇನ್ನೂ ಅಪಾಯ.

ಕಾಕಾ ಕೊನೆಗೆ ಇನ್ನೊಂದು ಮಾತು ಕೇಳಿದರು. "ರಮ್ಮಿ ಆಡಿ ರೊಕ್ಕ ಕಳಕೋತಾರಲ್ಲ, ಇದೂ ಅದೇ ಅಲ್ಲೇನು?"

ನಮ್ಮ ಉತ್ತರ ಅವತ್ತೂ ಇದೇ ಇತ್ತು, ಇವತ್ತೂ ಇದೇ. ಡಬ್ಬಿ ಕೊಡಿಸಬೇಡಿ. ಹುಡುಗನಿಗೆ ಬೈಯಲೂ ಬೇಡಿ. ಅವನು ಕೇಳುತ್ತಿರುವ ಯಂತ್ರ ನಿಮ್ಮ ಮನೆಯ ಅಲಮಾರಿಯಲ್ಲೇ ಇದೆ. ಅದನ್ನು ಚೆನ್ನಾಗಿ ಓಡುವ ಹಾಗೆ ಮಾಡುವ ಕೆಲಸವನ್ನು ಹುಡುಗನ ಕೈಗೇ ಕೊಡಿ. ಯಾಕೆ ಹೀಗೆ ಹೇಳುತ್ತೇವೆ ಅನ್ನುವುದೇ ಈ ಬರಹ.

ನಾವೂ ಒಮ್ಮೆ ಮೋಸ ಹೋದವರೇ

ನಮ್ಮ ವಯಸ್ಸಿನವರಿಗೆ ನೆನಪಿರಬಹುದು. ಕಲಬುರಗಿಗೆ ಆಗಿನ್ನೂ ಗುಲ್ಬರ್ಗಾ ಎಂಬ ಹೆಸರು. ವಿಡಿಯೋ ಗೇಮ್ ಪಾರ್ಲರಿನಲ್ಲಿ ಒಂದು ರೂಪಾಯಿ ಕೊಟ್ಟರೆ ಒಂದು ಕಾಯಿನ್. ನಾವೆಲ್ಲ 'ಮುಸ್ತಫಾ' ಅಂತ ಕರೆಯುತ್ತಿದ್ದ ಆಟದ ಅಸಲಿ ಹೆಸರು 'ಕ್ಯಾಡಿಲಾಕ್ಸ್ ಆ್ಯಂಡ್ ಡೈನೋಸಾರ್ಸ್'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ಸ್ವಲ್ಪ ಅನುಕೂಲ ಇದ್ದವರ ಮನೆಯಲ್ಲಿ ಟಿವಿಗೆ ಜೋಡಿಸುವ ಟಿವಿ ಗೇಮ್ ಇರುತ್ತಿತ್ತು, ಅದಕ್ಕೆ ಕ್ಯಾಸೆಟ್ ಹಾಕಿ ಮಾರಿಯೋ, ಕಾಂಟ್ರಾ ಆಡುತ್ತಿದ್ದೆವು. ಆ ಡಬ್ಬಿಗಳಲ್ಲಿ ಬಹುಪಾಲು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್ ಯಂತ್ರದ ನಕಲುಗಳು.

ಆ ಆಸೆ ಒಳಗೆ ಉಳಿದೇ ಇತ್ತು. ಡಿಪ್ಲೊಮಾ ಮುಗಿಸಿ, ವರದಿಗಾರಿಕೆಯ ಮೊದಲ ಗೌರವಧನ ಕೈಗೆ ಬಂದಾಗ ನಗರದ ಒಂದು ಅಂಗಡಿಯಲ್ಲಿ ನಾವೂ ಇಂಥದೇ ಕೈಡಬ್ಬಿ ಕೊಂಡೆವು. ಪೊಟ್ಟಣದ ಮೇಲೆ 'ಹತ್ತು ಸಾವಿರ ಆಟ' ಅಂತ ಬರೆದಿತ್ತು. ಮನೆಗೆ ಬಂದು ನೋಡಿದರೆ ಅವೇ ಐವತ್ತು, ಅರವತ್ತು ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಸೌಂಡ್ ಚರಚರ. ಪ್ಲೇಸ್ಟೇಷನ್ ಆಟ ಹಾಕಿದರೆ ಓಡುವ ಮನುಷ್ಯ ಕೆಸರಿನಲ್ಲಿ ನಡೆದಂತೆ ನಡೆಯುತ್ತಿದ್ದ. ಎರಡೇ ತಿಂಗಳಿಗೆ ಬಟನ್ ಹೋಯಿತು. ಅಂಗಡಿಯವರು "ಇದಕ್ಕ ಗ್ಯಾರಂಟಿ ಇರಂಗಿಲ್ರಿ" ಅಂದರು.

ಆಮೇಲೆ ತಿಳಿಯಿತು, ಆ ಡಬ್ಬಿಯೊಳಗೆ ಆಟದ ಯಂತ್ರ ಅಂತ ಬೇರೆ ಏನೂ ಇರುವುದಿಲ್ಲ. ಒಂದು ಸಣ್ಣ ಕಂಪ್ಯೂಟರ್ ಇರುತ್ತದೆ, ಅದರಲ್ಲಿ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಇರುತ್ತದೆ. ನಾವು ದುಡ್ಡು ಕೊಟ್ಟದ್ದು ಪ್ಲಾಸ್ಟಿಕ್ಕಿಗೆ ಮತ್ತು ಬಟನ್ನಿಗೆ.

ಎಮ್ಯುಲೇಟರ್ ಅಂದರೆ ಏನು

ನಮ್ಮ ಭಾಗದವರಿಗೆ ಇದನ್ನು ಹೇಳುವುದು ಸುಲಭ. ನಿಜಾಮರ ಕಾಲದ ಜಮೀನಿನ ಕಾಗದ ಉರ್ದುವಿನಲ್ಲಿ ಇರುತ್ತದೆ. ಹೊಲದ ತಕರಾರು ಬಂದಾಗ ಉರ್ದು ಬಲ್ಲ ಹಿರಿಯರೊಬ್ಬರನ್ನು ಹುಡುಕಿ ಓದಿಸುತ್ತೇವೆ. ಅವರು ಒಂದು ಸಾಲು ಓದುತ್ತಾರೆ, ಅದನ್ನು ಕನ್ನಡದಲ್ಲಿ ಹೇಳುತ್ತಾರೆ, ಮುಂದಿನ ಸಾಲಿಗೆ ಹೋಗುತ್ತಾರೆ. ಎಮ್ಯುಲೇಟರ್ ಮಾಡುವುದೂ ಅದೇ. ಹಳೆ ಆಟ ಹಳೆ ಯಂತ್ರದ ಭಾಷೆಯಲ್ಲಿ ಬರೆದದ್ದು. ನಿಮ್ಮ ಫೋನಿಗೆ ಆ ಭಾಷೆ ಗೊತ್ತಿಲ್ಲ. ನಡುವೆ ಕುಳಿತ ಪ್ರೋಗ್ರಾಂ ಒಂದೊಂದೇ ಆಜ್ಞೆ ಓದಿ ಫೋನಿಗೆ ತಿಳಿಯುವಂತೆ ಹೇಳುತ್ತದೆ.

ಹಿರಿಯರು ಜಾಣರಿದ್ದರೆ ಇನ್ನೊಂದು ದಾರಿ ಹಿಡಿಯುತ್ತಾರೆ. ಒಂದು ಪುಟವನ್ನು ಪೂರ್ತಿ ಕನ್ನಡಕ್ಕೆ ಇಳಿಸಿ ಬರೆದಿಟ್ಟುಕೊಳ್ಳುತ್ತಾರೆ. ಮುಂದಿನ ಸಲ ಅದೇ ಪುಟ ಕೇಳಿದರೆ ಮತ್ತೆ ಉರ್ದು ಓದುವ ಕೆಲಸ ಇಲ್ಲ. ಎಮ್ಯುಲೇಟರಿನಲ್ಲಿ ಇದಕ್ಕೆ ಡೈನಾಮಿಕ್ ರೀಕಂಪೈಲರ್ ಅನ್ನುತ್ತಾರೆ. ಸಣ್ಣ ಫೋನಿನಲ್ಲಿ ಪ್ಲೇಸ್ಟೇಷನ್ ಆಟ ಓಡುವುದು ಈ ದಾರಿಯಿಂದಲೇ.

ಆದರೆ ಇಲ್ಲಿ ಗಡುವು ಬಹಳ ಬಿಗಿ. ಹಳೆ ಯಂತ್ರಗಳು ಸೆಕೆಂಡಿಗೆ 60 ಚಿತ್ರ ತೋರಿಸುತ್ತಿದ್ದವು. ಅಂದರೆ ಒಂದು ಚಿತ್ರ ತಯಾರು ಮಾಡಲು ಫೋನಿಗೆ ಸಿಗುವುದು 16 ಮಿಲಿಸೆಕೆಂಡ್ ಚಿಲ್ಲರೆ. ಅಷ್ಟರಲ್ಲಿ ಆಟದ ಲೆಕ್ಕ, ಚಿತ್ರ, ಸೌಂಡ್ ಮೂರೂ ಮುಗಿಯಬೇಕು. ತಡವಾದರೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಸೌಂಡ್ ಚರಚರ ಅಂದರೆ ಫೋನ್ ಸೋಲುತ್ತಿದೆ ಎಂದು ಅರ್ಥ.

ಅಲಮಾರಿಯಲ್ಲಿ ಇರುವುದು ಕಂಪ್ಯೂಟರೇ

ಅಂಗೈ ಕಂಪ್ಯೂಟರಿಗೆ ಕರ್ನಾಟಕದಲ್ಲೇ ಒಂದು ಕಥೆ ಇದೆ. ಹೊಸ ಹುಡುಗರಿಗೆ ಅದು ಗೊತ್ತಿಲ್ಲ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಎಂಬ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯವರ ಜೊತೆ ಸೇರಿ 'ಸಿಂಪ್ಯೂಟರ್' ಎಂಬ ಕೈಕಂಪ್ಯೂಟರ್ ಯೋಜನೆ ಶುರು ಮಾಡಿದರು. ಹಳ್ಳಿಯ ಜನ ಬಳಸಬೇಕು, ಓದಲು ಬಾರದವರಿಗೂ ಆಗಬೇಕು, ನಮ್ಮ ಭಾಷೆಗಳಲ್ಲಿ ಇರಬೇಕು ಎಂಬುದು ಆಸೆ. ಒಂದೊಂದು ಮನೆಗೆ ಕೊಳ್ಳಲು ಆಗದಿದ್ದರೆ ಊರಿಗೆ ಒಂದು ಯಂತ್ರ, ಒಬ್ಬೊಬ್ಬರಿಗೆ ಒಂದು ಸ್ಮಾರ್ಟ್ ಕಾರ್ಡ್ ಎಂದು ಯೋಚಿಸಿದ್ದರು. 2004ರಲ್ಲಿ ಬಿಇಎಲ್ ತಯಾರಿಸಿದ 'ಅಮಿಡಾ ಸಿಂಪ್ಯೂಟರ್' ಮಾರುಕಟ್ಟೆಗೆ ಬಂತು. ಅದರಲ್ಲಿ 206 ಮೆಗಾಹರ್ಟ್ಸ್ ವೇಗದ ಚಿಪ್, 64 ಎಂಬಿ ರ್‍ಯಾಮ್, ಒಳಗೆ ಲಿನಕ್ಸ್. ನಿರೀಕ್ಷೆ ಮಾಡಿದಷ್ಟು ಮಾರಾಟ ಆಗಲಿಲ್ಲ, ಯೋಜನೆ ನಿಂತಿತು.

ಈಗ ಕಾಕಾನ ಮನೆಯ ಅಲಮಾರಿ ನೋಡಿ. ಹಳೆ ಮದುವೆ ಕರೆಯೋಲೆಗಳ ಕೆಳಗೆ 2017ರ ಸುಮಾರಿಗೆ ಕೊಂಡ ಒಂದು ಫೋನ್ ಬಿದ್ದಿತ್ತು. ಗಾಜು ಒಂದು ಮೂಲೆಯಲ್ಲಿ ಸೀಳಿದೆ. ವಾಟ್ಸ್‌ಆ್ಯಪ್ ನಿಧಾನ ಆಯಿತೆಂದು ಬಿಟ್ಟಿದ್ದರು. ಅದರಲ್ಲಿ 1.4 ಗಿಗಾಹರ್ಟ್ಸಿನ ನಾಲ್ಕು ಕೋರ್, 2 ಜಿಬಿ ರ್‍ಯಾಮ್. ಅಂದಿನ ಸಿಂಪ್ಯೂಟರಿನ ಏಳು ಪಟ್ಟಿನಷ್ಟು ಗಡಿಯಾರದ ವೇಗ, ಮೂವತ್ತು ಪಟ್ಟಿಗಿಂತ ಹೆಚ್ಚು ರ್‍ಯಾಮ್. ಪ್ರೊಫೆಸರುಗಳು ಹಳ್ಳಿಗೆ ತಲುಪಿಸಬೇಕೆಂದು ಒದ್ದಾಡಿದ ಯಂತ್ರ ಬಂದು ತಲುಪಿದೆ. ನಾವು ಅದನ್ನು ಕಸ ಎಂದು ತಿಳಿದಿದ್ದೇವೆ.

ಎರಡು ಸಂಜೆ, ಒಂದು ನೋಟ್‌ಬುಕ್

ಸುದ್ದಿಯ ಕೆಲಸಕ್ಕೆ ಕಮಲಾಪುರಕ್ಕೆ ಹೋದಾಗ ಎರಡು ಸಂಜೆ ಆ ಹುಡುಗನ ಜೊತೆ ಕುಳಿತೆವು. ಮೊದಲು ಫೋನಿನ ಹಿಂಭಾಗ ನೋಡಿದೆವು. ಬ್ಯಾಟರಿ ಉಬ್ಬಿದ್ದರೆ ಅಲ್ಲಿಗೇ ನಿಲ್ಲಿಸಬೇಕು, ಉಬ್ಬಿದ ಬ್ಯಾಟರಿಗೆ ಬೆಂಕಿ ಹತ್ತಬಹುದು. ಇದು ಸರಿ ಇತ್ತು. ಫೋನನ್ನು ಪೂರ್ತಿ ರೀಸೆಟ್ ಮಾಡಿ, ಸಿಮ್ ತೆಗೆದು, ಪ್ಲೇಸ್ಟೋರಿನಿಂದ 'ರೆಟ್ರೋಆರ್ಚ್' ಹಾಕಿದೆವು. ಅದು ಉಚಿತ, ಜಾಹೀರಾತು ಇಲ್ಲ. ಅದರೊಳಗೆ ಒಂದೊಂದು ಹಳೆ ಯಂತ್ರಕ್ಕೆ ಒಂದೊಂದು 'ಕೋರ್' ಇರುತ್ತದೆ, ಬೇಕಾದದ್ದನ್ನು ಇಳಿಸಿಕೊಳ್ಳಬೇಕು.

ಮೊದಲ ಅರ್ಧ ಗಂಟೆ ಎಲ್ಲ ತಪ್ಪೇ. ಹುಡುಗ ಯೂಟ್ಯೂಬಿನಲ್ಲಿ ನೋಡಿದ ಸೆಟ್ಟಿಂಗ್ ಎಲ್ಲ ಒಮ್ಮೆಲೇ ಹಾಕಿಬಿಟ್ಟಿದ್ದ. ನಮ್ಮ ಹತ್ತಿರ ಇದ್ದ ಹಳೆ ಪ್ಲೇಸ್ಟೇಷನ್ ಡಿಸ್ಕ್ ಒಂದನ್ನು ಕಂಪ್ಯೂಟರಿನಲ್ಲಿ ಇಮೇಜ್ ಮಾಡಿ ಒಯ್ದಿದ್ದೆವು. ಅದು ತೆವಳುತ್ತಿತ್ತು. "ಅಣ್ಣಾ, ಸೌಂಡ್ ಚರಚರ ಅನ್ಲತ್ತದ. ಈ ಫೋನ್ ಆಗಂಗಿಲ್ಲ ಬಿಡ್ರಿ," ಅಂದ.

ಆಗ ಒಂದು ನಿಯಮ ಮಾಡಿದೆವು. ಒಂದು ಸಲಕ್ಕೆ ಒಂದೇ ಬದಲಾವಣೆ. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಮ್: ಏನು ಬದಲಿಸಿದೆವು, ಎಷ್ಟು ಫ್ರೇಮ್ ಬಂತು, ಸೌಂಡ್ ಹೇಗಿತ್ತು, ಫೋನ್ ಎಷ್ಟು ಬಿಸಿ. ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದನ್ನು ರೆಟ್ರೋಆರ್ಚ್ ಪರದೆಯ ಮೇಲೇ ತೋರಿಸುತ್ತದೆ, ಆ ಆಯ್ಕೆ ಆನ್ ಮಾಡಬೇಕು ಅಷ್ಟೇ.

ಮೊದಲು ಶೇಡರ್ ತೆಗೆದೆವು. ಹಳೆ ಟಿವಿಯ ಗೆರೆಗಳು ಕಾಣುವಂತೆ ಮಾಡುವ ಅಲಂಕಾರ ಅದು, ಸಣ್ಣ ಫೋನಿಗೆ ಭಾರ. ಎರಡನೆಯದು, ಪ್ಲೇಸ್ಟೇಷನ್ ಕೋರಿನಲ್ಲಿ ಹುಡುಗ ಚಿತ್ರದ ರೆಸಲ್ಯೂಷನ್ ದುಪ್ಪಟ್ಟು ಮಾಡಿದ್ದ. ಅದನ್ನು ಮೂಲದ ಅಳತೆಗೆ ಇಳಿಸಿದೆವು, ಫ್ರೇಮ್ ಥಟ್ಟನೆ ಏರಿತು. ಮೂರನೆಯದು, ಕೋರ್ ಬದಲಾಯಿಸಿದೆವು. 'ಪಿಸಿಎಸ್ಎಕ್ಸ್ ರೀಆರ್ಮ್ಡ್' ಎಂಬುದು ಫೋನಿನಲ್ಲಿ ಇರುವಂಥ ಎಆರ್‌ಎಂ ಚಿಪ್ಪಿಗೆಂದೇ ಹದಗೊಳಿಸಿದ ಕೋರ್. ಅದರಲ್ಲಿ ಆ ಡೈನಾಮಿಕ್ ರೀಕಂಪೈಲರ್ ಆನ್ ಇದೆಯೋ ಇಲ್ಲವೋ ನೋಡಿಕೊಂಡೆವು. ನಾಲ್ಕನೆಯದು, ಫೋನಿನ ಬ್ಯಾಟರಿ ಸೇವರ್ ಆಫ್. ಅದು ಆನ್ ಇದ್ದರೆ ಚಿಪ್ಪಿನ ವೇಗವನ್ನೇ ಹಿಡಿದಿಡುತ್ತದೆ. ಐದನೆಯದು, ಹಿಂದಕ್ಕೆ ಓಡಿಸುವ 'ರಿವೈಂಡ್' ಆಫ್.

ಇಷ್ಟಾದ ಮೇಲೆ 60ಕ್ಕೆ 60 ಬಂತು. ಸೌಂಡಿನಲ್ಲಿ ಆಗಾಗ ಒಂದು ಟಿಕ್ ಮಾತ್ರ ಉಳಿದಿತ್ತು. ಆಡಿಯೋ ಲೇಟೆನ್ಸಿ ಸ್ವಲ್ಪ ಹೆಚ್ಚಿಸಿದೆವು, ಅದೂ ಹೋಯಿತು. ಲೇಟೆನ್ಸಿ ಹೆಚ್ಚಿಸಿದರೆ ಗುಂಡಿ ಒತ್ತಿದ ಮೇಲೆ ಸೌಂಡ್ ಚೂರು ತಡವಾಗಿ ಬರುತ್ತದೆ. ಅದಕ್ಕೇ ಬೇಕಾದಷ್ಟೇ ಹೆಚ್ಚಿಸಬೇಕು. ಬ್ಲೂಟೂತ್ ಇಯರ್‌ಫೋನಿನಲ್ಲಂತೂ ಹತ್ತು ಫ್ರೇಮಿನಷ್ಟು ತಡ ಸಾಮಾನ್ಯ. ಹಳೆ ವೈರಿನ ಇಯರ್‌ಫೋನೇ ಒಳ್ಳೆಯದು. ಗಾಜಿನ ಮೇಲೆ ಬೆರಳಿಟ್ಟು ಆಡುವುದು ಕಷ್ಟ ಅಂದರೆ ಒಂದು ಒಟಿಜಿ ಕೇಬಲ್, ಒಂದು ಸಾದಾ ಯುಎಸ್‌ಬಿ ಗೇಮ್‌ಪ್ಯಾಡ್ ಸಾಕು. ಆರು ಸಾವಿರದ ಹತ್ತಿರಕ್ಕೂ ಹೋಗುವುದಿಲ್ಲ.

ಒಂದು ವಿಚಿತ್ರ ನಮಗೂ ಅವತ್ತೇ ಸ್ಪಷ್ಟ ಆಯಿತು. ಟಿವಿ ಗೇಮಿನ ಆಟಗಳು ಫೋನಿನಲ್ಲಿ ನಮ್ಮ ಬಾಲ್ಯದಲ್ಲಿ ಇದ್ದದ್ದಕ್ಕಿಂತ ಜೋರಾಗಿ ಓಡುತ್ತವೆ. ನೆನಪು ತಪ್ಪಿರಬೇಕು ಅಂದುಕೊಂಡಿದ್ದೆವು. ಹಾಗಲ್ಲ. ಜಪಾನ್, ಅಮೆರಿಕದ ಟಿವಿಗಳು 60ರ ಲೆಕ್ಕ, ನಮ್ಮ ಪಾಲ್ ಟಿವಿಗಳು 50ರ ಲೆಕ್ಕ. ಪಾಲ್ ಟಿವಿಗೆಂದು ಮಾಡಿದ ಡಬ್ಬಿಯಲ್ಲಿ ಅದೇ ಆಟ ಆರನೇ ಒಂದು ಭಾಗ ನಿಧಾನ. ನಮ್ಮೂರಿನ ಮಾರಿಯೋ ಸಾವಕಾಶ ನಡೆಯುತ್ತಿದ್ದ. ಎಮ್ಯುಲೇಟರಿನಲ್ಲಿ ಪಾಲ್ ಎಂದು ಆರಿಸಿಕೊಂಡರೆ ಅವನು ಮತ್ತೆ ಹಾಗೇ ನಡೆಯುತ್ತಾನೆ.

ಕಲಬುರಗಿ ಬಿಸಿಲು ಮತ್ತು ಶಹಾಬಾದ್ ಫರಶಿ

ಎರಡನೇ ದಿನ ಬೇರೆ ತೊಂದರೆ. ಮಧ್ಯಾಹ್ನ ಹುಡುಗ ಒಬ್ಬನೇ ಆಡಿದ್ದಾನೆ. ಕಾಲು ಗಂಟೆ ಚೆನ್ನಾಗಿ ಓಡಿ, ಆಮೇಲೆ ಫ್ರೇಮ್ 60ರಿಂದ 45ಕ್ಕೆ ಬಿದ್ದಿದೆ. ಸೆಟ್ಟಿಂಗ್ ಒಂದೂ ಬದಲಾಗಿಲ್ಲ. ನೋಟ್‌ಬುಕ್ಕಿನ ನಾಲ್ಕನೇ ಕಾಲಮ್ಮಿನಲ್ಲಿ ಅವನೇ ಬರೆದಿದ್ದ: 'ಹಿಡಿಯಾಕ ಆಗವಲ್ದು, ಅಷ್ಟ್ ಬಿಸಿ.'

ಫೋನಿನ ಚಿಪ್ ಕಾದರೆ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಡಬ್ಬಿಗಳ ಬಗ್ಗೆ ವಿಡಿಯೋ ಮಾಡುವವರು ಎಸಿ ಕೋಣೆಯಲ್ಲಿ ಕುಳಿತು ಮಾಡುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುತ್ತದೆ, ತಗಡಿನ ಮನೆಯೊಳಗೆ ಇನ್ನೂ ಹೆಚ್ಚು. ಅಲ್ಲಿ 60 ಫ್ರೇಮ್ ಕೊಟ್ಟ ಯಂತ್ರ ಇಲ್ಲಿ ಕೊಡುತ್ತದೆ ಎಂಬ ಖಾತ್ರಿ ಇಲ್ಲ. ಆರು ಸಾವಿರದ ಡಬ್ಬಿಗೂ ಇದೇ ಮಾತು.

ಉಪಾಯ ಮನೆಯಲ್ಲೇ ಇತ್ತು. ಹಿಂದಿನ ರಬ್ಬರ್ ಕವರ್ ತೆಗೆಯುವುದು, ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸುವುದು, ಚಾರ್ಜಿಗೆ ಹಾಕಿಕೊಂಡು ಆಡದೇ ಇರುವುದು. ಇಪ್ಪತ್ತು ನಿಮಿಷಕ್ಕೊಮ್ಮೆ ಫೋನನ್ನು ನೆರಳಿನಲ್ಲಿ ಶಹಾಬಾದ್ ಫರಶಿಯ ಮೇಲೆ ಬೆನ್ನು ತಾಗುವಂತೆ ಇಟ್ಟು ಐದು ನಿಮಿಷ ಬಿಡುವುದು. ಕಲ್ಲು ಬಿಸಿ ಎಳೆದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ಕೆಲವು ಹುಡುಗರು ಹಾಗೆ ಮಾಡುತ್ತಾರೆ. ಹೊರಗೆ ತೆಗೆದ ಕೂಡಲೇ ಒಳಗೆ ನೀರು ಕಟ್ಟಿ ಫೋನೇ ಹೋಗುತ್ತದೆ. ಈ ಐದು ನಿಮಿಷದ ಬಿಡುವಿನಿಂದ ಹುಡುಗನ ಕಣ್ಣಿಗೂ ವಿಶ್ರಾಂತಿ ಸಿಕ್ಕಿತು ಎಂದು ಅವರ ಅವ್ವ ಖುಷಿಪಟ್ಟರು.

ಆಗದ್ದಕ್ಕೆ ಆಗಲ್ಲ ಅನ್ನಬೇಕು

ಇಂಥ ಫೋನಿನಲ್ಲಿ ಟಿವಿ ಗೇಮಿನ ಆಟ, ಗೇಮ್‌ಬಾಯ್, ಮೊದಲ ಪ್ಲೇಸ್ಟೇಷನ್ ಇವೆಲ್ಲ ಆಗುತ್ತವೆ. 1983ರ ಫ್ಯಾಮಿಕಾಮ್ ಚಿಪ್ಪಿನ ವೇಗ 1.79 ಮೆಗಾಹರ್ಟ್ಸ್, 1994ರ ಪ್ಲೇಸ್ಟೇಷನ್ನಿನದು ಸುಮಾರು 34. 2004ರ ಪಿಎಸ್‌ಪಿಗೆ 'ಪಿಪಿಎಸ್ಎಸ್‌ಪಿಪಿ' ಎಂಬ ಒಳ್ಳೆಯ ಉಚಿತ ಎಮ್ಯುಲೇಟರ್ ಇದೆ. ಹಗುರ ಆಟಗಳು ಮೂಲ ರೆಸಲ್ಯೂಷನ್ನಿನಲ್ಲಿ, ಒಂದು ಫ್ರೇಮ್ ಬಿಟ್ಟು ಒಂದು ತೋರಿಸಿದರೆ ಓಡಬಹುದು. ಭಾರದ ಆಟ ಓಡುವುದಿಲ್ಲ.

2000ದ ಪ್ಲೇಸ್ಟೇಷನ್ 2 ಇದರಲ್ಲಿ ಆಗುವುದಿಲ್ಲ. ಅದರ ಮುಖ್ಯ ಚಿಪ್ 295 ಮೆಗಾಹರ್ಟ್ಸ್ ಮಾತ್ರ, ನಮ್ಮ ಫೋನ್ 1400, ಯಾಕೆ ಆಗಲ್ಲ ಎಂದು ಹುಡುಗ ಕೇಳಿದ. ಸರಿಯಾದ ಪ್ರಶ್ನೆ. ಆ ಯಂತ್ರದಲ್ಲಿ ಲೆಕ್ಕಕ್ಕೆ, ಚಿತ್ರಕ್ಕೆ, ಸೌಂಡಿಗೆ ಬೇರೆ ಬೇರೆ ಚಿಪ್‌ಗಳು ಒಟ್ಟಿಗೆ ದುಡಿಯುತ್ತಿದ್ದವು. ಫೋನ್ ಅವರೆಲ್ಲರ ಮಾತನ್ನೂ ಒಂದೇ ಹೊತ್ತಿಗೆ ಅನುವಾದ ಮಾಡಬೇಕು. ಅದಕ್ಕೆ ದುಬಾರಿ ಫೋನ್ ಬೇಕು. ಆರು ಸಾವಿರದ ಡಬ್ಬಿ ಮಾರುವವರು ಇದನ್ನು ಹೇಳುವುದಿಲ್ಲ.

ಆಟ ಎಲ್ಲಿಂದ ತರುವುದು

ಇದು ಮುಜುಗರದ ಪ್ರಶ್ನೆ, ಆದರೂ ಹೇಳಬೇಕು. ಎಮ್ಯುಲೇಟರ್ ಬೇರೆ, ಆಟದ ಫೈಲ್ ಬೇರೆ. ಸೋನಿ ಕಂಪನಿ ಕನೆಕ್ಟಿಕ್ಸ್ ಎಂಬ ಎಮ್ಯುಲೇಟರ್ ಕಂಪನಿಯ ಮೇಲೆ ಹಾಕಿದ ಕೇಸಿನಲ್ಲಿ, ಎಮ್ಯುಲೇಟರ್ ಮಾಡುವ ಸಲುವಾಗಿ ಹಳೆ ಯಂತ್ರದ ಪ್ರೋಗ್ರಾಂ ಬಿಚ್ಚಿ ನೋಡಿದ್ದು ತಪ್ಪಲ್ಲ ಎಂದು 2000ದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. ಎಲ್ಲದಕ್ಕೂ ಇದು ರಕ್ಷೆ ಅಲ್ಲ. ಆಗಿನ್ನೂ ಅಂಗಡಿಯಲ್ಲಿ ಮಾರಾಟವಾಗುತ್ತಿದ್ದ ಸ್ವಿಚ್ ಯಂತ್ರಕ್ಕೆ 'ಯುಜು' ಎಂಬ ಎಮ್ಯುಲೇಟರ್ ಮಾಡಿದವರು 2024ರಲ್ಲಿ ನಿಂಟೆಂಡೊಗೆ 24 ಲಕ್ಷ ಡಾಲರ್ ಕೊಡಲು ಒಪ್ಪಿ ಕೆಲಸ ನಿಲ್ಲಿಸಿದರು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಕಾನೂನು ಪ್ರಕಾರ ತನ್ನ ಬಳಿ ಇರುವ ಪ್ರೋಗ್ರಾಂ ಹಾಳಾದೀತೆಂದು ಅದರ ಕಾಪಿ ಇಟ್ಟುಕೊಳ್ಳಲು ಅವಕಾಶ ಕೊಡುತ್ತದೆ. ಯಾವುದೋ ಸೈಟಿನಿಂದ ಸಾವಿರ ಆಟ ಇಳಿಸಿಕೊಳ್ಳಲು ಕೊಡುವುದಿಲ್ಲ. 'ಹತ್ತು ಸಾವಿರ ಆಟ' ತುಂಬಿಸಿ ಮಾರುವ ಡಬ್ಬಿಯ ಆಟಗಳಿಗೆ ಯಾರ ಪರವಾನಗಿ ಇದೆ, ನೀವೇ ಯೋಚಿಸಿ. ನಮ್ಮ ಬಾಲ್ಯದ ಕ್ಯಾಸೆಟ್ಟುಗಳೂ ಅಂಥವೇ. ನಾವೇನೂ ಸಾಚಾ ಅಲ್ಲ.

ಕದಿಯದೇ ಆಡಲು ದಾರಿ ಇದೆ. 'ಕೇವ್ ಸ್ಟೋರಿ' ಎಂಬ ಆಟವನ್ನು ಜಪಾನಿನ ದೈಸುಕೆ ಅಮಾಯಾ ಒಬ್ಬರೇ ಐದು ವರ್ಷ ಕುಳಿತು ಮಾಡಿ 2004ರಲ್ಲಿ ಉಚಿತವಾಗಿ ಬಿಟ್ಟರು. ರೆಟ್ರೋಆರ್ಚಿನಲ್ಲಿ ಅದು ಓಡುತ್ತದೆ. 'ನೋವಾ ದಿ ಸ್ಕ್ವಿರಲ್' ಎಂಬುದು ಆ ಹಳೆ ಟಿವಿ ಗೇಮ್ ಯಂತ್ರಕ್ಕೆಂದೇ ಈ ಕಾಲದಲ್ಲಿ ಬರೆದ ಉಚಿತ ಆಟ. ಗೇಮ್‌ಬಾಯ್‌ಗೆ 'ಟೋಬು ಟೋಬು ಗರ್ಲ್' ಇದೆ. ಕೊನೆಯ ಎರಡರ ಮೂಲ ಬರಹವೂ ತೆರೆದಿದೆ, ಹೇಗೆ ಮಾಡಿದ್ದಾರೆ ಎಂದು ಬಿಚ್ಚಿ ನೋಡಬಹುದು.

ಇನ್ನೊಂದು ಎಚ್ಚರ. ಗೇಮ್ ಅಂತ ಯಾರೋ ಕಳಿಸಿದ ಎಪಿಕೆ ಫೈಲ್ ಒತ್ತಬೇಡಿ. ಪಿಎಂ ಕಿಸಾನ್ ಹೆಸರಿನಲ್ಲಿ, ಮದುವೆ ಕರೆಯೋಲೆಯ ಹೆಸರಿನಲ್ಲಿ ಎಪಿಕೆ ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡಿದ ಸುದ್ದಿಗಳು ಬಂದಿವೆ. ಅದಕ್ಕೇ ಆಟದ ಫೋನಿನಲ್ಲಿ ಸಿಮ್ ಇರಬಾರದು, ಫೋನ್‌ಪೇ ಇರಬಾರದು, ಅಪ್ಪನ ಬ್ಯಾಂಕ್ ಇರಬಾರದು. ಆಟ ಒಮ್ಮೆ ಹಾಕಿದ ಮೇಲೆ ನೆಟ್ ಬೇಕಾಗುವುದೇ ಇಲ್ಲ.

ರಮ್ಮಿ ಬೇರೆ, ಇದು ಬೇರೆ

ಕಾಕಾ ಕೇಳಿದ ಪ್ರಶ್ನೆಗೆ ಬರೋಣ. ರೊಕ್ಕ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಎಷ್ಟು ಮನೆ ಹಾಳಾದವು ಎಂಬುದು ಸುದ್ದಿ ಬರೆಯುವ ನಮಗೂ ಗೊತ್ತು, ಓದುವ ನಿಮಗೂ ಗೊತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಆದರೆ ಎಲ್ಲದಕ್ಕೂ 'ಗೇಮ್' ಅನ್ನುವ ಒಂದೇ ಹೆಸರು ಇರುವುದರಿಂದ ಅಪ್ಪ, ಅವ್ವ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕುತ್ತಾರೆ. ಕೇವ್ ಸ್ಟೋರಿಯಲ್ಲಿ ಕಟ್ಟುವ ಪಣ ಇಲ್ಲ, ಎದುರಿಗೆ ಅಪರಿಚಿತರಿಲ್ಲ, ನಡುವೆ 'ಇನ್ನು ಹತ್ತು ರೂಪಾಯಿ ಕೊಟ್ಟರೆ ಕತ್ತಿ ಸಿಗುತ್ತದೆ' ಎಂಬ ಆಮಿಷವೂ ಇಲ್ಲ. ಹುಡುಗನ ಕೈಯಲ್ಲಿ ಫೋನ್ ಇರುವುದು ಹೇಗೂ ತಪ್ಪುವುದಿಲ್ಲ ಅಂತಾದರೆ, ಯಾವ ಆಟ ಅವನ ಜೇಬಿಗೆ ಕೈ ಹಾಕುತ್ತದೆ, ಯಾವುದು ಹಾಕುವುದಿಲ್ಲ ಎಂದು ನೋಡುವುದು ಅಪ್ಪನ ಕೆಲಸ.

ಓದು ಹಾಳಾಗುವುದಿಲ್ಲವೇ ಅನ್ನುವವರಿಗೆ ನಾವು ಸುಳ್ಳು ಹೇಳುವುದಿಲ್ಲ. ಹೊತ್ತು ಗೊತ್ತಿಲ್ಲದೇ ಆಡಿದರೆ ಹಾಳಾಗುತ್ತದೆ. ಕಾಕಾನ ಮನೆಯಲ್ಲಿ ಸಂಜೆ ಒಂದು ಗಂಟೆ ಎಂದು ಗೊತ್ತು ಮಾಡಿದ್ದಾರೆ, ಫೋನ್ ಅಲಮಾರಿಯಲ್ಲಿ, ಕೀಲಿ ಅವ್ವನ ಹತ್ತಿರ. ಮೂರು ಸಲ ಆ ಕರಾರು ಮುರಿದಿದೆ, ಎರಡು ಸಲ ಏಟು ಬಿದ್ದಿದೆ. ಎಲ್ಲ ಮನೆಯಂಥದೇ ಮನೆ.

ಆದರೆ ಆ ನೋಟ್‌ಬುಕ್ ನೋಡಿದ ದಿನ ಕಾಕಾ ಸ್ವಲ್ಪ ಹೊತ್ತು ಸುಮ್ಮನೆ ಇದ್ದರು. ಹುಡುಗ ಎರಡು ವಾರದಲ್ಲಿ ಹದಿನಾಲ್ಕು ಪುಟ ತುಂಬಿದ್ದ. ಏನು ಬದಲಿಸಿದೆ, ಏನಾಯಿತು, ಮುಂದೆ ಏನು ನೋಡಬೇಕು. "ನಾ ಔಷಧ ಹೊಡ್ಯೋದು ಹಿಂಗ ಬರ್ದಿಟ್ಟಿದ್ರ ಎಷ್ಟು ರೊಕ್ಕ ಉಳೀತಿತ್ತು," ಅಂದರು. ಇದನ್ನು ನಾವು ಆಟ ಅನ್ನುತ್ತೇವೆ. ಕಾರಣ ಹುಡುಕುವುದು, ಒಂದೊಂದೇ ಬದಲಿಸಿ ಅಳೆಯುವುದು, ಬರೆದಿಡುವುದು, ಆಗದ್ದಕ್ಕೆ ಆಗುವುದಿಲ್ಲ ಎಂದು ಒಪ್ಪುವುದು: ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸಬೇಕಾದ್ದು ಇದನ್ನೇ. ಆರು ಸಾವಿರದ ಡಬ್ಬಿ ಕೊಡಿಸಿದ್ದರೆ ಅವನು ಆಡುವುದನ್ನು ಮಾತ್ರ ಕಲಿಯುತ್ತಿದ್ದ.

ಮೊನ್ನೆ ಹೋದಾಗ ಅವನ ಗಣಿತದ ಚೌಕಳಿ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರಗಳಿದ್ದವು. ಟಿವಿ ಗೇಮಿನ ಯಂತ್ರ ಚಿತ್ರವನ್ನು 8 ಚುಕ್ಕೆ ಅಗಲ, 8 ಚುಕ್ಕೆ ಎತ್ತರದ ತುಂಡುಗಳಲ್ಲಿ ಜೋಡಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರ ಒಂದು ತುಂಡಿನಲ್ಲಿ ಕೂರುತ್ತದೆ. ನಾವು ಆಡಿದ ಯಾವ ಆಟವೂ ಕನ್ನಡದಲ್ಲಿ ಇರಲಿಲ್ಲ. ಅವನು 'ಕ' ಬರೆದಿದ್ದ, ಕಷ್ಟಪಟ್ಟು ಕೂತಿತ್ತು. 'ಸ್ತ್ರೀ' ಬರೆಯಲು ಹೋಗಿ ಒತ್ತಕ್ಷರಗಳು ಕೆಳಗಿನ ಚೌಕಕ್ಕೆ ಇಳಿದಿದ್ದವು. "ನಾಕು ತುಂಡು ಬೇಕಾಗ್ತದ್ರಿ ಅಣ್ಣಾ, ಹದಿನಾರಕ್ಕ ಹದಿನಾರು," ಅಂದ. ಅಳಿಸಿ ಅಳಿಸಿ ಕಾಗದ ಹರಿಯುವಂತಾಗಿತ್ತು.

ನಿಮ್ಮ ಮನೆಯ ಅಲಮಾರಿಯಲ್ಲಿ ಯಾವ ಫೋನ್ ಇದೆ, ಎಷ್ಟು ರ್‍ಯಾಮ್, ಯಾವ ಆಟ 60 ಫ್ರೇಮಿಗೆ ಓಡಿತು, ಎಲ್ಲಿ ಸೋತಿತು ಎಂದು ನಮಗೆ ಬರೆಯಿರಿ. ಡಬ್ಬಿ ಕೊಳ್ಳುವ ಮೊದಲು ಬರೆದರೆ ಇನ್ನೂ ಒಳ್ಳೆಯದು.